ಯಾರೂ ಬಿಗಿ ಮಾಡದ ನಟ್ಟು

ತೊಂಬತ್ತರ ದಶಕದಲ್ಲಿ ನಾವು ಜೀವನ್ ಬಿಮಾ ನಗರದಲ್ಲಿದ್ದೆವು. ಅಪ್ಪ ಮಿಲಿಟರಿ ಹರಾಜಿನಲ್ಲಿ ಕೊಂಡ ಹಳೆಯ ಜೀಪು ನಿಂತಲ್ಲೆಲ್ಲ ಎಣ್ಣೆ ತೊಟ್ಟಿಕ್ಕುತ್ತಿತ್ತು. ಸ್ಟೀರಿಂಗ್ ಬಾಕ್ಸಿನ ಅಡಿಯಲ್ಲಿ ಎಣ್ಣೆ ಸೋರದಂತೆ ತಡೆಯುವ ಸೀಲು ಸವೆದಿತ್ತು. ಎಣ್ಣೆಯ ಬದಲು ಗ್ರೀಸು ತುಂಬಿಬಿಡಿ ಎಂದು ಬೀದಿಯವರೆಲ್ಲ ಸಲಹೆ ಕೊಟ್ಟಿದ್ದರು. ಅಪ್ಪ ಒಪ್ಪಲಿಲ್ಲ. ಸೀಲು ಹೋಗಿದ್ದರೆ ಸೀಲನ್ನೇ ಬದಲಿಸಬೇಕು ಎಂಬುದು ಅವರ ವಾದ.

ಅಪ್ಪ ಕಾರ್ಖಾನೆಯೊಂದರಲ್ಲಿ ಇನ್‌ಸ್ಪೆಕ್ಟರ್ ಆಗಿ ನಿವೃತ್ತರಾದವರು. ಅಲ್ಲಿ ಫಿಟ್ಟರ್ ಸಹಿ ಹಾಕುವಂತಿಲ್ಲ, ಇನ್‌ಸ್ಪೆಕ್ಟರ್ ಸ್ಪ್ಯಾನರ್ ಮುಟ್ಟುವಂತಿಲ್ಲ. ಮನೆಯಲ್ಲೂ ಅದೇ ಪದ್ಧತಿ. ನಾನು ಫಿಟ್ಟರ್, ಅವರು ಇನ್‌ಸ್ಪೆಕ್ಟರ್. ನಾನು ಪತ್ರಿಕೆಯೊಂದರಲ್ಲಿ ಉಪಸಂಪಾದಕನಾಗಿದ್ದೆ. ತಿದ್ದಿದವನೇ ಪ್ರೂಫ್ ನೋಡಬಾರದೆಂಬ ನಿಯಮ ನಮ್ಮಲ್ಲೂ ಇದ್ದುದರಿಂದ ಅಪ್ಪನ ಕ್ರಮ ನನಗೆ ವಿಚಿತ್ರವೆನಿಸಲಿಲ್ಲ.

ಬಾಕ್ಸಿನ ಅಡಿಯಿಂದ ಒಂದು ಶಾಫ್ಟ್ ಹೊರಗೆ ಬರುತ್ತದೆ. ಅದರ ತುದಿಗೆ ಕಬ್ಬಿಣದ ತೋಳೊಂದಿದೆ. ಚಕ್ರಗಳನ್ನು ಎಡಕ್ಕೆ ಬಲಕ್ಕೆ ತಿರುಗಿಸುವುದು ಆ ತೋಳು, ಅದನ್ನು ಹಿಡಿದಿಡುವುದು ಒಂದೇ ಒಂದು ದೊಡ್ಡ ನಟ್ಟು. ತೋಳು ಬಿಚ್ಚದೆ ಸೀಲು ಬದಲಿಸಲಾಗದು. ಆ ನಟ್ಟಿಗೆ ತೊಡಿಸಿ ತಿರುಗಿಸುವ ಸಾಕೆಟ್ಟು, ತೋಳನ್ನು ಎಳೆಯುವ ಪುಲ್ಲರ್ ಎರಡನ್ನೂ ಶಿವಾಜಿನಗರದ ಗುಜರಿ ಅಂಗಡಿಯ ಭಾಯ್ ಹತ್ತಿರ ಎರವಲು ತಂದಿದ್ದೆ. ಶನಿವಾರ ಹನ್ನೊಂದರೊಳಗೆ ವಾಪಸು ಕೊಡಬೇಕಿತ್ತು.

ಶನಿವಾರ ಬೆಳಿಗ್ಗೆ ಜೀಪಿನಡಿ ಮಲಗಿ, ತೋಳು ಬಿಚ್ಚಿ ಹೊಸ ಸೀಲು ಕೂರಿಸಿದೆ. ಬಿಚ್ಚುವಾಗ ಹಾಕಿಕೊಂಡಿದ್ದ ಗುರುತು ನೋಡಿ ತೋಳನ್ನು ಮತ್ತೆ ಏರಿಸಿದೆ. ನಟ್ಟನ್ನು ಕೈಯಲ್ಲೇ ನಾಲ್ಕು ಸುತ್ತು ತಿರುಗಿಸಿದೆ. ಅಷ್ಟರಲ್ಲಿ ಆಫೀಸಿನಿಂದ ಫೋನು ಬಂತು. ಕೈ ತೊಳೆದು ಒಳಗೆ ಹೋದೆ. ಮಾತು ಮುಗಿಸಿ ಬಂದಾಗ ಅಪ್ಪ ಟಾರ್ಚ್ ಹಿಡಿದು ಜೀಪಿನಡಿಯಿಂದ ಹೊರಬರುತ್ತಿದ್ದರು. ಎಲ್ಲ ಕೂತಿದೆ, ಎಣ್ಣೆ ಹಾಕಿಬಿಡು ಎಂದರು. ಹಾಕಿದೆ. ಸಾಮಾನು ಚೀಲಕ್ಕೆ ತುಂಬಿಕೊಂಡು ಸ್ಕೂಟರ್ ಹತ್ತಿದೆ. ಅವರು ಅರ್ಧ ಗಂಟೆ ಬಿಟ್ಟು ಅಮ್ಮನನ್ನು ಕರೆದುಕೊಂಡು ಕೆ.ಆರ್. ಪುರದ ಚಿಕ್ಕಮ್ಮನ ಮನೆಗೆ ಹೊರಡುವವರಿದ್ದರು.

ಭಾಯ್ ಸಾಕೆಟ್ಟನ್ನು ಬಟ್ಟೆಯಲ್ಲಿ ಒರೆಸುತ್ತ, "ಬಿಗಿ ಮಾಡೋವಾಗ ರಾಡಿಗೆ ಪೈಪ್ ಹಾಕಿ ಎಳೆದ್ರಾ ಸಾರ್? ಬರೀ ಕೈಯಲ್ಲಿ ಆಗಲ್ಲ ಅದು," ಎಂದರು.

ಅಪ್ಪ ಎಳೆದಿರಬೇಕು, ಎಲ್ಲ ಕೂತಿದೆ ಅಂದರು ಎಂದೆ.

"ಎಳೆದಿರಬೇಕು ಅಂದ್ರೆ? ನೀವು ಪೇಪರ್‌ನವರು, ತಪ್ಪಾದ್ರೆ ನಾಳೆ ತಿದ್ದುಪಡಿ ಹಾಕ್ತೀರಾ. ಇದಕ್ಕೆಲ್ಲಿ ಹಾಕ್ತೀರಾ?"

ಅವರು ನಗುತ್ತಲೇ ಹೇಳಿದ್ದು. ನಾನು ಮಾತ್ರ ಅಪ್ಪನ ಕೈಗಳನ್ನು ನೆನಪು ಮಾಡಿಕೊಂಡೆ. ಒಂದು ಕೈಯಲ್ಲಿ ಟಾರ್ಚ್, ಇನ್ನೊಂದು ಖಾಲಿ. ಸಾಕೆಟ್ಟು ನಾನಿಟ್ಟ ಗೋಣಿಯ ಮೇಲೆ ನಾನಿಟ್ಟ ಹಾಗೆಯೇ ಇತ್ತು. ಅವರ ಕಾರ್ಖಾನೆಯಲ್ಲಿ ಫಿಟ್ಟರ್ ಕೈ ತೊಳೆದನೆಂದರೆ ಕೆಲಸ ಮುಗಿದಂತೆ. ಇನ್‌ಸ್ಪೆಕ್ಟರ್ ಬಂದು ಎಲ್ಲ ಇದೆಯೇ ಎಂದು ನೋಡುತ್ತಾನೆ. ಅಪ್ಪ ನೋಡಿದ್ದರು. ನಟ್ಟು ಇತ್ತು.

ಪಕ್ಕದ ಎಸ್‌ಟಿಡಿ ಬೂತಿನಿಂದ ಮನೆಗೆ ಫೋನು ಮಾಡಿದೆ. ರಿಂಗಾಯಿತು. ಮತ್ತೆ ಮಾಡಿದೆ. ಖಾಲಿ ಮನೆಯಲ್ಲಿ ಫೋನು ಹೊಡೆದುಕೊಳ್ಳುವುದನ್ನು ಇಪ್ಪತ್ತು ಸಲ ಎಣಿಸಿ ಇಟ್ಟೆ. ಚಿಕ್ಕಮ್ಮನ ಮನೆಯಲ್ಲಿ ಫೋನಿರಲಿಲ್ಲ.

ನಟ್ಟು ಬಿಗಿ ಮಾಡಿಲ್ಲ, ಜೀಪು ಹೊರಟಾಗಿದೆ ಎಂದೆ. ಭಾಯ್ ಸಾಕೆಟ್ಟು, ರಾಡು, ಒಂದು ಮೊಳ ಪೈಪು ಎತ್ತಿಕೊಂಡು ಸ್ಕೂಟರಿನ ಹಿಂದೆ ಕೂತರು. ಹಲಸೂರಿನ ಸಿಗ್ನಲ್ಲು ದಾಟಿದೆವು. ಹಳೆ ಮದ್ರಾಸ್ ರಸ್ತೆಯಲ್ಲಿ ಎದುರಿನಿಂದ ಲಾರಿಗಳು ಒಂದರ ಹಿಂದೊಂದು ಬರುತ್ತಿದ್ದವು. ತೋಳು ಕಳಚಿದರೆ ಚಕ್ರ ಯಾವ ಕಡೆ ತಿರುಗುತ್ತದೋ ಹೇಳಲಾಗದು. ನಾನು ಅಪಘಾತಗಳ ಸುದ್ದಿಗೆ ಶೀರ್ಷಿಕೆ ಕೊಡುವ ಕೆಲಸದವನು. ತಲೆಯೊಳಗೆ ಶೀರ್ಷಿಕೆಯೊಂದು ತಾನಾಗಿ ಕೂಡಿಕೊಳ್ಳತೊಡಗಿತು. ಅದನ್ನು ತಡೆಯಲು ರಸ್ತೆಬದಿಯ ಅಂಗಡಿಗಳ ಹೆಸರು ಓದುತ್ತ ಹೋದೆ.

ಬೆನ್ನಿಗಾನಹಳ್ಳಿ ಕೆರೆಯ ಹತ್ತಿರ ಜೀಪು ಕಂಡಿತು. ಅಪ್ಪ ಯಾವಾಗಲೂ ನಿಧಾನ. ಹಿಂದಿನ ಲಾರಿಯವನು ಹಾರ್ನ್ ಹೊಡೆಯುತ್ತಲೇ ಇದ್ದ. ಅಮ್ಮನ ತಲೆ ಹಿಂದಿನಿಂದ ಕಾಣುತ್ತಿತ್ತು. ಪಕ್ಕಕ್ಕೆ ತಗೊಳ್ಳಿ ಎಂದು ಕೂಗಲು ಬಾಯಿ ತೆರೆದಿದ್ದೆ. ಭಾಯ್ ನನ್ನ ಭುಜ ಹಿಡಿದರು.

"ಪಕ್ಕಕ್ಕೆ ಅನ್ಬೇಡಿ ಸಾರ್. ತಿರುಗಿಸಿದ್ರೆ ತೋಳು ಅಲ್ಲೇ ಕಳಚಿ ಬೀಳತ್ತೆ. ಇದ್ದಲ್ಲೇ ನಿಲ್ಸಿ ಅನ್ನಿ."

ಜೀಪಿನ ಪಕ್ಕಕ್ಕೆ ಬಂದೆ. ಅಪ್ಪ ನನ್ನನ್ನು ನೋಡಿ, ದಾರಿ ಬಿಡಲೆಂದು ಸ್ಟೀರಿಂಗ್ ಎಡಕ್ಕೆ ಎಳೆಯಹೊರಟರು. ಎಡಕ್ಕೆ ಕೆರೆಯ ಇಳಿಜಾರು.

"ತಿರುಗಿಸ್ಬೇಡಿ ಅಪ್ಪಾ. ಬ್ರೇಕ್ ಹಾಕಿ. ಇಲ್ಲೇ."

ಮನೆಯಲ್ಲಿ ಅವರಿಗೆ ಆಜ್ಞೆ ಮಾಡಿದವರಿಲ್ಲ. ಒಂದು ಕ್ಷಣ ನನ್ನ ಮುಖವನ್ನೇ ನೋಡಿದರು. ನಂತರ ರಸ್ತೆಯ ನಡುವೆಯೇ ನಿಲ್ಲಿಸಿದರು.

ಲಾರಿಯವನು ಬೈಯುತ್ತಿದ್ದ. ನಾನು ಅಡಿಗೆ ನುಗ್ಗಿದೆ. ತೋಳು ಅರ್ಧ ಬೆರಳಿನಷ್ಟು ಕೆಳಗಿಳಿದಿತ್ತು. ನಟ್ಟು ಶಾಫ್ಟಿನ ತುದಿಯ ಕೊನೆಯ ಒಂದೆರಡು ಸುತ್ತಿನಲ್ಲಿ ನೇತಾಡುತ್ತಿತ್ತು. ಮುಟ್ಟಿದರೆ ಅಲುಗಾಡಿತು. ಸಾಕೆಟ್ಟನ್ನು ಅದರ ಮೇಲೆ ಕೂರಿಸಲು ಮೂರು ಸಲ ಪ್ರಯತ್ನಿಸಬೇಕಾಯಿತು. ಭಾಯ್ ರಾಡಿಗೆ ಪೈಪು ಸೇರಿಸಿ ಕೊಟ್ಟರು. ಇಬ್ಬರೂ ಎಳೆದೆವು, ಲೋಹ ಕಿರುಗುಟ್ಟುವವರೆಗೆ.

ಹೊರಬಂದಾಗ ಅಪ್ಪ ಮಂಡಿಯೂರಿ ನೋಡುತ್ತಿದ್ದರು. ಪರೀಕ್ಷಿಸಲು ಹೋಗಲಿಲ್ಲ. ನೀನು ಮಾಡಿರಲಿಲ್ಲವಾ ಎಂದು ನಿಧಾನವಾಗಿ ಕೇಳಿದರು. ನೀವು ಮಾಡಿದ್ದೀರಿ ಅಂದುಕೊಂಡೆ ಎಂದೆ.

ಅಮ್ಮ ಕೆಳಗಿಳಿದಿದ್ದಳು. ಅವಳಿಗೆ ಯಾರೂ ಏನನ್ನೂ ವಿವರಿಸಿರಲಿಲ್ಲ. ಇಳಿಜಾರಿನ ಕಡೆ ಒಮ್ಮೆ ನೋಡಿ, ಭಾಯ್ ಕಡೆ ತಿರುಗಿ ಹೇಳಿದಳು:

"ನೀವೇ ಓಡಿಸಿ ಅಣ್ಣಾ. ಇವರಿಬ್ಬರೂ ಬೇಡ."

ಭಾಯ್ ಅಪ್ಪನ ಮುಖ ನೋಡಿದರು. ಅಪ್ಪ ಕೀಲಿ ಕೊಟ್ಟು ಹಿಂದಿನ ಸೀಟಿಗೆ ಹತ್ತಿದರು. ನಾನು ಸ್ಕೂಟರಿನಲ್ಲಿ ಹಿಂಬಾಲಿಸಿದೆ. ಈ ಸಲ ನಟ್ಟು ಬಿಗಿ ಮಾಡಿದ್ದರಲ್ಲಿ ನನ್ನ ಕೈಯೂ ಇತ್ತು. ಆದರೂ ಚಿಕ್ಕಮ್ಮನ ಮನೆಯ ಬಾಗಿಲವರೆಗೆ, ಜೀಪಿನ ಮುಂದಿನ ಚಕ್ರ ಬಿಟ್ಟು ಬೇರೇನನ್ನೂ ನೋಡಲು ನನಗೆ ಧೈರ್ಯವಾಗಲಿಲ್ಲ.