ಕಾದಿಸ್‌ನಲ್ಲಿ ಮುಚ್ಚಿದ ಕಿಟಕಿ

ಮಧ್ಯಾಹ್ನ ಮಾಮಕ್ ತಿಂಡಿ ಅಂಗಡಿಯಲ್ಲಿ ತಿಂದ ರೋಟಿ ಚನಾಯ್ ಎಂಬ ಪರೋಟ ಶಕೀಲನ ಹೊಟ್ಟೆಯಲ್ಲಿ ಕಲ್ಲಾಗಿ ಕೂತಿತ್ತು. ಕೂರದೆ ಇನ್ನೇನು? ಮನೆಯಲ್ಲಿ ಅಮ್ಮ ನಫೀಸಾ ಹನಿ ನೀರೂ ಮುಟ್ಟದೆ ರೋಜಾ ಇದ್ದಳು. ಅದೂ ಇವನಿಗಾಗಿ, ಇವನು ಹೇಳಿದ ಸುಳ್ಳನ್ನು ನಂಬಿ.

ಆ ಸುಳ್ಳಿನ ಕಥೆ ಕೇಳಿ. ಸ್ಪೇನಿನ ಕಡಲಂಚಿನ ಹಳೇ ಊರು ಕಾದಿಸ್‌ಗೆ ಹೆಂಡತಿ ಸುಫಿಯಾಳ ಜೊತೆ ಮಜವಾಗಿ ಸುತ್ತಲು ಹೊರಟವನು, ಅಮ್ಮನಿಗೆ "ಆಫೀಸ್ ಕೆಲಸ ಅಮ್ಮಾ, ಎಡವಟ್ಟಾದರೆ ನೌಕರಿಗೇ ಕುತ್ತು. ಅಲ್ಲಿ ಹಲಾಲ್ ಊಟ ಸಿಗೋದು ಕಷ್ಟ, ಅಡುಗೆಗೆ ಸುಫಿಯಾನೂ ಬರ್ತಾಳೆ" ಅಂದಿದ್ದ. ನಿಜ ಹೇಳಿದರೆ ಅಮ್ಮನೂ ಬರ್ತೀನಿ ಅಂದರೆ? ಹೊನ್ನಾವರದ ಹೆಂಗಸು. ಪರದೇಶದ ಸುಬಾಂಗ್ ಜಯಾದಲ್ಲಿ ಮಗನ ಈ ಫ್ಲ್ಯಾಟಿಗೆ ಬಂದಾಗಿನಿಂದ ಕಡಲು ಕಡಲು ಅಂತ ಹಲುಬುತ್ತಿದ್ದಳು. ಅಮ್ಮನ ಮಂಡಿನೋವಿಗೆ ಕಲ್ಲುಹಾಸಿನ ಓಣಿಗಳು ಆಗಿಬರಲ್ಲ ಅಂತ ತನಗೆ ತಾನೇ ಹೇಳಿಕೊಂಡ. ಆಹಾ, ಎಂಥ ಕಾಳಜಿ! ಅವಳನ್ನು ಅಲ್ಲೇ ಹತ್ತಿರದ ಬಾಂಗ್ಸಾರ್‌ನಲ್ಲಿದ್ದ ತನ್ನ ತಂಗಿಯ ಮನೆಯಲ್ಲಿ ಬಿಟ್ಟು ವಿಮಾನ ಹತ್ತಿದ.

ಕಾದಿಸ್‌ಗೆ ಮೂರು ದಿಕ್ಕಿಗೂ ಸಮುದ್ರ. ಹಳೇ ಕೋಟೆಗೋಡೆಯ ಮೇಲೆ ನಡೆದು, ಹುರಿದ ಮೀನು ತಿಂದು, ಹೋಟೆಲ್ ಕೋಣೆಯಲ್ಲಿ ಕಾಲು ಚಾಚಿದಾಗ ಅಮ್ಮನ ವಿಡಿಯೋ ಕಾಲ್ ಬಂತು. ಶಕೀಲ ದಡಬಡ ಎದ್ದು ಬಿಳಿ ಗೋಡೆಗೆ ಬೆನ್ನು ಕೊಟ್ಟು ನಿಂತ.

"ಅದೇನೋ ಸದ್ದು?" ಅಂದಳು ಅಮ್ಮ.

"ಏಸಿ ಅಮ್ಮಾ, ಹಳೇದು," ಅಂತ ಅವನು ಕೈ ಚಾಚಿ ಕಿಟಕಿ ಎಳೆದು ಮುಚ್ಚಿದ.

ವಾಪಸ್ ಬಂದ ಮೇಲೆ ಗೊತ್ತಾಯಿತು, ಮಗ ಕ್ಷೇಮವಾಗಿ ಬಂದರೆ ಮೂರು ರೋಜಾ ಇಡುತ್ತೇನೆಂದು ಅವಳು ಹರಕೆ ಹೊತ್ತಿದ್ದಳು. ಇವತ್ತು ಕೊನೆಯದು. "ಈಗ್ಯಾಕೆ ಅತ್ತೆಗೆ ನಿಜ ಹೇಳ್ತೀರಿ, ಸುಮ್ಮನಿರಿ," ಅಂತ ಸುಫಿಯಾ ಕಣ್ಣು ಬಿಟ್ಟಳು. ಅವಳು ಹೇಳಿದ್ದೂ ಸರಿಯೇ. ಆದರೆ ತುಟಿ ಒಣಗಿದ್ದರೂ ಖರ್ಜೂರದ ಬೀಜ ಬಿಡಿಸುತ್ತಾ ಕೂತ ಅಮ್ಮನನ್ನು ನೋಡಿ ಅವನಿಗೆ ತಡೆಯಲಾಗಲಿಲ್ಲ.

"ಅಮ್ಮಾ, ಆಫೀಸ್ ಕೆಲಸ ಏನೂ ಇರಲಿಲ್ಲ. ನಾವು ತಿರುಗಾಡೋಕೆ ಹೋಗಿದ್ವಿ. ನನ್ನಿಂದ ತಪ್ಪಾಯ್ತು."

ನಫೀಸಾ ಬೀಜ ಬಿಡಿಸುತ್ತಲೇ ಇದ್ದಳು. ಪಕ್ಕದ ಮಸೀದಿಯಿಂದ ಸಂಜೆಯ ಆಜಾನ್ ಕೇಳಿಸಿತು. ಒಂದು ಖರ್ಜೂರ ಬಾಯಿಗಿಟ್ಟುಕೊಂಡು, ಇನ್ನೊಂದನ್ನು ಮಗನ ಕೈಗಿಟ್ಟಳು.

"ಗೊತ್ತು ಕಣೋ. ಹೊನ್ನಾವರದಲ್ಲಿ ಹುಟ್ಟಿದವಳಿಗೆ ಏಸಿ ಸದ್ದು ಯಾವುದು, ಕಡಲ ಸದ್ದು ಯಾವುದು ತಿಳಿಯಲ್ವಾ?"

"ಮತ್ತೆ ಈ ರೋಜಾ ಯಾಕೆ ಇಟ್ರಿ ಅಮ್ಮಾ?"

"ನೀನು ಕ್ಷೇಮವಾಗಿ ಬಂದ್ಯಲ್ಲ, ಅದಕ್ಕೆ." ನೀರು ಕುಡಿದು ಲೋಟ ಕೆಳಗಿಟ್ಟಳು. "ಆವತ್ತು ಗೊತ್ತಾದರೂ ನಾನು ಬಾಯಿ ಬಿಡಲಿಲ್ಲ. ಇನ್ನೊಂದು ಸ್ವಲ್ಪ ಹೊತ್ತು ಆ ಕಡಲ ಸದ್ದು ಕೇಳೋಣ ಅಂತ ಫೋನು ಕಿವಿಗೆ ಒತ್ತಿ ಹಿಡ್ಕೊಂಡಿದ್ದೆ. ಅಷ್ಟರಲ್ಲಿ ನೀನು ಕಿಟಕಿ ಮುಚ್ಚಿಬಿಟ್ಟೆ."

ಖರ್ಜೂರ ಶಕೀಲನ ಕೈಯಲ್ಲೇ ಉಳಿಯಿತು.