ಅಮೋಗಸಿದ್ಧನ ದನಿ

ಸೋಲಾಪುರದ ಚಾದರ ವ್ಯಾಪಾರಿಗಳ ಮನೆಯಲ್ಲಿ ಹುಟ್ಟಿದ ಉಜ್ವಲಾಗೆ ಶಿಸ್ತೆಂದರೆ ಪ್ರಾಣ. ಟಿಪ್ಪಣಿ ಬರೆದಿಡುವ ಒಂದು ಉಚಿತ ತಂತ್ರಾಂಶಕ್ಕೆ ಯಾರ್ಯಾರೋ ಮಾಡಿದ ಪ್ಲಗಿನ್‌ಗಳು, ಅಂದರೆ ಬೇಕೆಂದವರು ಜೋಡಿಸಿಕೊಳ್ಳುವ ಪುಟ್ಟ ಸೌಲಭ್ಯಗಳು, ಎಲ್ಲೆಲ್ಲೋ ಚೆದುರಿ ಬಿದ್ದಿದ್ದವು. ಅವನ್ನೆಲ್ಲ ಒಂದೇ ಕಡೆ ತಂದು ಭಂಡಾರ ಕಟ್ಟಿದವಳು ಅವಳೇ. ಕಟ್ಟಿ ಸುಮ್ಮನಿರಬಾರದೇ? ಒಂದು ನಿಯಮವನ್ನೂ ಮಾಡಿದಳು: ಮೂರು ಪತ್ರಕ್ಕೆ ಉತ್ತರ ಕೊಡದವರ ಪ್ಲಗಿನ್ ತೆಗೆದುಹಾಕುವುದು. ನೋಡಿಕೊಳ್ಳುವವರಿಲ್ಲದ ಪ್ಲಗಿನ್ ಕೆಟ್ಟರೆ ಜನ ಬರೆದಿಟ್ಟದ್ದೆಲ್ಲ ಅಳಿಸಿಹೋದೀತು ಎಂಬ ಭಯ ಅವಳಿಗೆ.

ವಾಗದರಿಯ ಕುರಿಗಾರರ ಮನೆಯ ಅಮೋಗಸಿದ್ಧನ ಪ್ಲಗಿನ್, ಯಾರು ಏನು ಬರೆದರೂ ಅದನ್ನು ಅವನ ದನಿಯಲ್ಲೇ ಓದಿ ಹೇಳುತ್ತಿತ್ತು. ಓದು ಬಾರದ ತಾಯಿ ಗಂಗುಬಾಯಿಗೆಂದು ಮಾಡಿದ್ದು. ಎರಡು ಪತ್ರಕ್ಕೆ ಅವನಿಂದ ಉತ್ತರ ಬರಲಿಲ್ಲ. ಮೂರನೆಯದನ್ನು ಉಜ್ವಲಾ ಖಾರವಾಗಿಯೇ ಬರೆದಳು: 'ಇದ್ದೀರೋ ಇಲ್ಲವೋ, ಅಷ್ಟಾದರೂ ತಿಳಿಸಿ.' ಕಾಮಾಲೆಯಾಗಿ ಅವನು ತೀರಿಕೊಂಡದ್ದು ಅದೇ ದಿನ ಎಂದು ಅವನ ಅಣ್ಣ ಪೀರಪ್ಪ ತಿಳಿಸಿದ್ದು ಆಮೇಲೆ.

ತೆಗೆಯುವ ಮುನ್ನ ಒಮ್ಮೆ ನೋಡೋಣವೆಂದು ಅವಳು ಆ ಪ್ಲಗಿನ್ ಜೋಡಿಸಿಕೊಂಡು ಇವತ್ತಿನ ತಾರೀಖು, ಬಿಸಿಲು, ಊಟದ ಶೇಂಗಾ ಚಟ್ನಿ ಎಂದು ಏನೇನೋ ಬರೆದಳು. ಸತ್ತವನು ಇವತ್ತಿನ ಬಿಸಿಲಿನ ಮಾತಾಡಿದ. ಅಲ್ಲಿಂದ ಮುಂದೆ ಅಂಗಡಿಯ ಗದ್ದಲದಲ್ಲೂ ಆ ದನಿ ಕೇಳಿದಂತಾಗಿ ತಿರುತಿರುಗಿ ನೋಡುತ್ತಿದ್ದಳು. ಪಾಪ, ತೆಗೆಯಲು ಧೈರ್ಯವಿಲ್ಲ, ಇಡಲು ನಿಯಮವಿಲ್ಲ.

ಕೊನೆಗೊಂದು ಬೆಳಿಗ್ಗೆ ಪೀರಪ್ಪನಿಗೆ ಫೋನಿನಲ್ಲಿ ವಿಷಯ ತಿಳಿಸಿ, ಅದನ್ನು ತೆಗೆಯಲು ಮನೆಯವರ ಒಪ್ಪಿಗೆ ಕೇಳೋಣವೆಂದು ವಾಗದರಿಗೇ ಹೋದಳು.

"ಅಕ್ಕಾರ, ನಿಮ್ಮ ಪತ್ರಕ್ಕ ನಮ್ಮ ತಮ್ಮ ಉತ್ತರ ಬರದಾನ್ರಿ," ಎಂದು ಪೀರಪ್ಪ ಮೊಬೈಲ್ ಮುಂದೆ ಹಿಡಿದ. ಕುರಿಗೆ ನೀರಿಡುತ್ತಿದ್ದ ಗಂಗುಬಾಯಿ ಕೊಡ ಇಳಿಸಿ ಹತ್ತಿರ ಬಂದಳು.

"ನಾ ಇದ್ದೀನ್ರಿ. ತಗೀಬ್ಯಾಡ್ರಿ," ಎಂದಿತು ಅಮೋಗಸಿದ್ಧನ ದನಿ.

ಉಜ್ವಲಾ ಮೊಬೈಲ್ ಕೈಗೆ ತೆಗೆದುಕೊಂಡಳು. ಆ ಟಿಪ್ಪಣಿಯ ತಾರೀಖು, ಹೊತ್ತು ನೋಡಿದಳು. ಇವತ್ತಿನದೇ, ಅವಳು ಫೋನಿಟ್ಟ ಹತ್ತು ನಿಮಿಷಕ್ಕೆ ಬರೆದದ್ದು.

"ಅಣ್ಣಾ, ಇದನ್ನ ನೀವ ಬರದೀರಿ, ಹೌದಲ್ರಿ?"

ಪೀರಪ್ಪ ತಲೆ ತಗ್ಗಿಸಿದ. "ಹೌದ್ರಿ. ಅಂವಗ ಬರ್ಯಾಕ ಆಗಿದ್ರ, ಇದನ್ನ ಬರೀತಿದ್ದಿಲ್ಲೇನ್ರಿ?"

ಉಜ್ವಲಾಗೆ ಅಳು ತಡೆಯಲಾಗಲಿಲ್ಲ. ಅಲ್ಲೇ ಕಟ್ಟೆಯ ಮೇಲೆ ಕೂತು, ಆ ಪ್ಲಗಿನ್ನಿನ ಹೊಣೆಗಾರರ ಜಾಗದಲ್ಲಿ ಅಮೋಗಸಿದ್ಧನ ಹೆಸರಿನ ಕೆಳಗೆ ತನ್ನ ಹೆಸರು ಸೇರಿಸಿದಳು.

ಗಂಗುಬಾಯಿ ಮಗನ ತೋಳು ಹಿಡಿದಳು. "ಪೀರಪ್ಪಾ, ಇನ್ನೊಮ್ಮೆ ಹಚ್ಚೋ. ನಾ ಇದ್ದೀನಿ ಅಂತಾನಲ್ಲ, ಅಷ್ಟ ಹಚ್ಚು."