ಕೊಟ್ರಮ್ಮನ ಮುಖ

ಜವನಗೊಂಡನಹಳ್ಳಿಯ ಕೊಟ್ರಮ್ಮನ ತಲೆ ಎಚ್ಚರವಿದ್ದಷ್ಟು ಹೊತ್ತೂ ಅಡ್ಡಡ್ಡ ಅಲುಗುತ್ತಿತ್ತು. ಕೊನೆಯ ಬಾಣಂತನದ ಜ್ವರ ಬಿಟ್ಟುಹೋದ ನಡುಕ ಅದು. ಮಗಳನ್ನು ಕೇಳಲು ಬಂದವರು ಒಪ್ಪಿಗೆಯೇ ಎಂದು ವಿಚಾರಿಸಿದಾಗ ಆಕೆ ಹೂಂ ಎಂದಳು. ತಲೆ ಮಾತ್ರ ಒಲ್ಲೆ ಒಲ್ಲೆ ಎನ್ನುತ್ತಿತ್ತು. "ಬಾಯಿ ಮಾತು ಹಿಡೀರಿ, ತಲೆ ಮಾತು ಬಿಡ್ರಿ," ಎಂದು ಗಂಡ ಚಿತ್ರಲಿಂಗಪ್ಪ ನಗಿಸಿ ಮದುವೆ ಗೊತ್ತುಮಾಡಿದ. ಆಕೆಯೂ ನಕ್ಕಳು. ಆದರೆ ಕನ್ನಡಿಯ ಮುಂದೆ ನಿಲ್ಲುವುದನ್ನು ಎಂದೋ ಬಿಟ್ಟಿದ್ದಳು. ಅದರೊಳಗಿನ ಮುಖವೂ ಒಂದು ಕಡೆ ನಿಲ್ಲುತ್ತಿರಲಿಲ್ಲ.

ಆ ಮದುವೆಯಲ್ಲಿ ಕೊಟ್ರಮ್ಮ, ಚಿತ್ರಲಿಂಗಪ್ಪ ಇಬ್ಬರ ಫೋಟೋ ತೆಗೆದವನು ಹಿರಿಯೂರಿನ ನಜೀರ್ ಅಹಮದ್. ಆಗ ಕ್ಯಾಮೆರಾದ ಗಾಜಿನ ಮೇಲಿನ ಮುಚ್ಚಳ ತೆಗೆದು, ನಿಧಾನವಾಗಿ ಎಣಿಸಿ, ಮತ್ತೆ ಮುಚ್ಚುತ್ತಿದ್ದರು. ಅಷ್ಟರಲ್ಲಿ ಅಲುಗಿದ್ದೆಲ್ಲ ಒಂದರ ಮೇಲೊಂದು ಮೂಡಿ ಕಲಸಿಹೋಗುತ್ತಿತ್ತು. ಪಟ ಬಂದಾಗ ಚಿತ್ರಲಿಂಗಪ್ಪನ ಮೀಸೆ, ಆಕೆಯ ಬಳೆ, ಸೆರಗಿನ ಅಂಚು ಎಲ್ಲ ನಿಚ್ಚಳ. ಆಕೆಯ ಕುತ್ತಿಗೆಯ ಮೇಲೆ ಮಾತ್ರ ಹೊಗೆ. ನಜೀರ್ ಮತ್ತೊಮ್ಮೆ ಬಂದು, ಬೆನ್ನ ಹಿಂದೆ ಕಬ್ಬಿಣದ ಕವೆ ನಿಲ್ಲಿಸಿ ತಲೆಗೆ ಆಸರೆ ಕೊಟ್ಟ. ಕವೆಯೇ ನಡುಗತೊಡಗಿತು. ಕಬ್ಬಿಣಕ್ಕೂ ತನ್ನ ಚಾಳಿ ಹತ್ತಿತೆಂದು ನಗೆಯಾಡಿದವಳು, ಅವನು ಹೊರಡುವಾಗ ತಡೆದಳು.

"ಸಾಬರೇ, ನಾನು ಹೋದ ಮ್ಯಾಲೆ ಮೊಮ್ಮಕ್ಕಳಿಗೆ ಈ ಹೊಗೆ ತೋರ್ಸಿ ಅಜ್ಜಿ ಅಂತಾರೇನು? ನನ್ನ ಮುಖ ನಂಗೇ ಮರ್ತೋಗೈತೆ."

ನಜೀರ್ ಕವೆಯನ್ನು ಹೆಗಲಿಗೇರಿಸಿಕೊಂಡು ಹೊರಟ.

ಮಾರಿಕಣಿವೆಯ ಅಣೆಕಟ್ಟೆಯ ಕೆಲಸ ಮುಗಿದ ಮರುವರ್ಷ ಅವನೇ ಹುಡುಕಿಕೊಂಡು ಬಂದ. ಹೊಸ ಕ್ಯಾಮೆರಾದೊಳಗೆ ಚಿಟಿಕೆ ಹೊಡೆಯುವುದಕ್ಕಿಂತ ಬೇಗ ತೆರೆದು ಮುಚ್ಚುವ ರೆಪ್ಪೆಯೊಂದಿತ್ತು. ಓಡುವ ಜಟಕಾದ ಎರಡು ಪಟಗಳನ್ನು ಜಗಲಿಯ ಮೇಲಿಟ್ಟ. ಹಳೆಯದರಲ್ಲಿ ಗಾಲಿ ಮಂಜಿನ ತಟ್ಟೆ. ಹೊಸದರಲ್ಲಿ ಗಾಲಿಯ ಒಂದೊಂದು ಕಡ್ಡಿಯೂ ಬೇರೆಬೇರೆ. ಗಾಲಿಯಿಂದ ಸಿಡಿದ ಮಣ್ಣು ಕೂಡ ಗಾಳಿಯಲ್ಲಿ ನಿಂತಿತ್ತು. ಗಾಡಿ ನಿಲ್ಲಿಸಿ ತೆಗೆದದ್ದಲ್ಲವೇ ಎಂದು ಚಿತ್ರಲಿಂಗಪ್ಪ ಸಂಶಯಪಟ್ಟ. "ಓಡ್ತಾನೇ ಇತ್ತು ಗೌಡ್ರೇ. ಇದು ಅಷ್ಟ್ರಾಗೆ ಕಣ್ಣು ಮುಚ್ಚಿಬಿಡ್ತು," ಎಂದ ನಜೀರ್.

ರೆಪ್ಪೆ ಬೇಗ ಮುಚ್ಚಿದಷ್ಟೂ ಬೆಳಕು ಹೆಚ್ಚು ಬೇಕು. ಅದಕ್ಕೇ ಕೊಟ್ರಮ್ಮನನ್ನು ಬಿರುಬಿಸಿಲಿನ ಕಣದಲ್ಲಿ ಕೂರಿಸಿದ. ಆಕೆ ಉಸಿರು ಬಿಗಿಹಿಡಿದಳು. ಬಿಗಿಯಬೇಡಿ, ತಲೆ ತನ್ನ ಪಾಡಿಗೆ ಆಡಲಿ ಎಂದ. ಜೋಳ ಸಿಡಿದಂಥ ಸದ್ದು. ಆಕೆ ಹಾಗೇ ಕೂತಿದ್ದಳು.

"ಆಯ್ತು, ಏಳ್ರಮ್ಮ."

"ಎಣಿಸ್ಲೇ ಇಲ್ವಲ್ರೀ?"

ಪಟ ಬಂದ ದಿನ ಕೈಯನ್ನು ಸೆರಗಿಗೆ ಒರೆಸಿಕೊಂಡು ಈಸಿಕೊಂಡಳು. ಅಲ್ಲೊಬ್ಬ ಹೆಂಗಸು ಸುಮ್ಮನೆ ಕೂತಿದ್ದಳು. ಕಣ್ಣಂಚಿನ ಗೆರೆಗಳು, ತುಟಿಯ ಪಕ್ಕದ ಮಚ್ಚೆ, ಎಣಿಕೆಗೆ ಕಾಯುತ್ತ ಕೊಂಚ ತೆರೆದ ಬಾಯಿ. ಗಾಳಿಗೆ ಎದ್ದ ಒಂದೆಳೆ ಕೂದಲು ಕೆಳಗಿಳಿಯದೆ ಉಳಿದಿತ್ತು. ತನ್ನ ಮುಖವೆಂದರೆ ನಡುಕವೇ ಎಂದು ನಂಬಿದ್ದವಳಿಗೆ, ಒಂದು ಅಲುಗಾಟಕ್ಕೂ ಇನ್ನೊಂದಕ್ಕೂ ನಡುವೆ ಇಷ್ಟು ದೊಡ್ಡ ನೆಮ್ಮದಿ ಇತ್ತೇ ಎಂದು ಬೆರಗಾಯಿತು.

"ಇವಳ್ನ ಯಾರೂ ನೋಡ್ದೆ ಎಷ್ಟು ಕಾಲ ಆಗಿತ್ತೋ," ಎಂದಳು ಮೆಲ್ಲಗೆ.

ಹಗ್ಗ ಹೊಸೆಯುತ್ತಿದ್ದ ಚಿತ್ರಲಿಂಗಪ್ಪ ಪಟದತ್ತ ಕಣ್ಣು ಹಾಯಿಸಿದ. ಅವನಿಗೆ ಅದರಲ್ಲಿ ಬೆರಗೇನೂ ಕಾಣಲಿಲ್ಲ.

"ನಾನು ದಿನಾ ನೋಡ್ತೀನಲ್ಲ. ನಿದ್ದೆ ಹತ್ತಿದ ಮ್ಯಾಲೆ ನಿನ್ನ ತಲೆ ಆಡಲ್ಲ. ಇಂಗೇ ಇರ್ತೀಯ."

ಕೊಟ್ರಮ್ಮ ಪಟ ಬಿಟ್ಟು ಅವನನ್ನೇ ನೋಡಿದಳು.

"ಒಂದಿನಾನಾರ ಹೇಳ್ಲಿಲ್ಲಲ್ರೀ."

"ಎಬ್ಸಿ ಹೇಳಿದ್ರೆ ಹೋಗಿಬಿಡ್ತಿತ್ತು," ಎಂದು ಅವನು ಹಗ್ಗದ ತುದಿಗೆ ಗಂಟು ಹಾಕಿದ.